ವಿಮಾನದ ಫೋಟೊ ತೆಗೆಯಬೇಕಾ? ಮೊದಲು ನಿಲ್ಲುವ ಜಾಗ ನೋಡಿ

ವಿಮಾನದ ಫೋಟೊ ಅಂದ ತಕ್ಷಣ ಎಲ್ಲರೂ ಕೇಳೋದು ಯಾವ ಲೆನ್ಸ್ ತಗೊಳ್ಳಲಿ ಅಂತ. 100-400 ಎಂಎಂ ಇದ್ದರೆ ಆರಾಮ, 70-300 ಇದ್ದರೂ ಸಾಕು. ಆದರೆ ಫೋಟೊ ಚೆನ್ನಾಗಿ ಬರೋದು ನೀವು ಎಲ್ಲಿ ನಿಂತಿದ್ದೀರಿ ಅನ್ನೋದರ ಮೇಲೆ.

ಅಲ್ಲಿ ಫೋಟೊ ತೆಗೆಯಬಹುದಾ ಅಂತ ಮೊದಲೇ ವಿಚಾರಿಸಿ. ಸುಮ್ನೆ ಹೇಳ್ತಿಲ್ಲ. 2001ರಲ್ಲಿ ಗ್ರೀಸ್‌ನ ಕಲಮಾಟಾ ವಾಯುನೆಲೆಗೆ ವಿಮಾನ ನೋಡಲು ಹೋದ 12 ಬ್ರಿಟಿಷರು ಮತ್ತು ಇಬ್ಬರು ಡಚ್ಚರನ್ನು ಗೂಢಚಾರರು ಅಂತ ಬಂಧಿಸಿದ್ದರು. ಮರುವರ್ಷ ಶಿಕ್ಷೆಯೂ ಆಯಿತು, ಮೇಲ್ಮನವಿ ಹಾಕಿದ ಮೇಲೆ ಖುಲಾಸೆ ಸಿಕ್ಕಿತು.

ಆಮೇಲೆ ಗಾಳಿ ನೋಡಿ. ವಿಮಾನ ಏರೋದೂ ಇಳಿಯೋದೂ ಸಾಮಾನ್ಯವಾಗಿ ಗಾಳಿಗೆ ಎದುರಾಗಿ. ರನ್‌ವೇಯ ಸಂಖ್ಯೆಯೇ ಅದರ ದಿಕ್ಕು ಹೇಳುತ್ತೆ, 09 ಅಂದರೆ ಸುಮಾರು 90 ಡಿಗ್ರಿ, ಅಂದರೆ ಪೂರ್ವ ದಿಕ್ಕು. ಅದೇ ರನ್‌ವೇಯನ್ನು ಇನ್ನೊಂದು ತುದಿಯಿಂದ ಬಳಸಿದರೆ 27. ಪಡುವಣ ಗಾಳಿ ಬೀಸುತ್ತಿದ್ದರೆ 27 ಬಳಕೆಯಲ್ಲಿರುತ್ತೆ, ಇಳಿಯುವ ವಿಮಾನಗಳು ಪೂರ್ವದ ಕಡೆಯಿಂದ ಬರುತ್ತವೆ. ಅದಕ್ಕೆ ತಕ್ಕ ಹಾಗೆ, ಸೂರ್ಯ ಬೆನ್ನಿಗಿರುವ ಬದಿಯನ್ನು ಹುಡುಕಿಕೊಳ್ಳಿ. ತಂತಿ ಬೇಲಿ ಅಡ್ಡ ಬಂತಾ? ಬೇಲಿ ಮುಟ್ಟಲು ಅಡ್ಡಿಯಿಲ್ಲದ ಕಡೆ ಲೆನ್ಸನ್ನು ತಂತಿಗೆ ಆದಷ್ಟು ಹತ್ತಿರ ಹಿಡಿದು ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ದೊಡ್ಡದು ಮಾಡಿ, ತಂತಿ ಮಸುಕಾಗಿ ಮಾಯವಾಗುತ್ತೆ. ತಂತಿ ಮೇಲೆ ಬಿಸಿಲು ಬೀಳದಂತೆ ಕೈ ಅಡ್ಡ ಹಿಡಿದರೆ ಇನ್ನೂ ಒಳ್ಳೇದು.

ಇನ್ನು ಬಿಸಿಗಾಳಿ. ಮಧ್ಯಾಹ್ನ ಕಾದ ಟಾರಿನ ಮೇಲೆ ಗಾಳಿ ನೀರಿನ ಹಾಗೆ ಅಲುಗುತ್ತೆ, ಅರ್ಧ ಕಿಲೋಮೀಟರ್ ದೂರದ ವಿಮಾನದ ಕಿಟಕಿ ಸಾಲೆಲ್ಲ ಅಂಕುಡೊಂಕಾಗಿ ಬರುತ್ತೆ. ಎಷ್ಟು ದುಬಾರಿ ಲೆನ್ಸ್ ಹಾಕಿದರೂ ಇದಕ್ಕೆ ಮದ್ದಿಲ್ಲ. ಬೆಳಗ್ಗೆ ಬೇಗ ಹೋಗಿ, ಇಲ್ಲಾಂದ್ರೆ ವಿಮಾನ ಹತ್ತಿರದಲ್ಲೇ ಹಾದುಹೋಗುವ ಜಾಗ ಹಿಡೀರಿ.

ಜೆಟ್ ವಿಮಾನಕ್ಕೆ ಶಟರ್ ವೇಗ 1/1000 ಸೆಕೆಂಡ್ ಇಟ್ಟರೆ ಸಾಕು. ಪ್ರೊಪೆಲರ್ ಇರುವ ವಿಮಾನಕ್ಕೆ ಮಾತ್ರ ಅದೇ ವೇಗ ಬೇಡ. ನಾನು ಮೊದಮೊದಲು ತೆಗೆದ ಎಟಿಆರ್ ಅನ್ನೋ ಪ್ರೊಪೆಲರ್ ವಿಮಾನದ ಫೋಟೊಗಳಲ್ಲಿ ಪ್ರೊಪೆಲರ್‌ನ ರೆಕ್ಕೆಗಳು ಅಲ್ಲಾಡದೆ ನಿಂತು, ವಿಮಾನವನ್ನು ಆಕಾಶಕ್ಕೆ ಅಂಟಿಸಿದ ಹಾಗೆ ಕಾಣುತ್ತಿತ್ತು, ಬೇಜಾರಾಗಿತ್ತು. ಲೆಕ್ಕ ಸುಲಭ. ಎಟಿಆರ್ 72-600ರ ಪ್ರೊಪೆಲರ್‌ಗೆ ಆರು ರೆಕ್ಕೆ, ಏರುವಾಗ ನಿಮಿಷಕ್ಕೆ ಸುಮಾರು 1200 ಸುತ್ತು, ಅಂದರೆ ಸೆಕೆಂಡಿಗೆ 20. 1/1000ರಲ್ಲಿ ಅದು ತಿರುಗೋದು ಬರೀ 7 ಡಿಗ್ರಿ. 1/125ರಲ್ಲಿ ಸುಮಾರು 58 ಡಿಗ್ರಿ, ಒಂದು ರೆಕ್ಕೆ ಹೆಚ್ಚುಕಡಿಮೆ ಮುಂದಿನದರ ಜಾಗಕ್ಕೆ ಬಂದಿರುತ್ತೆ, ಆಗ ಪೂರ್ತಿ ಚಕ್ರ ಕಾಣುತ್ತೆ. ಅಷ್ಟು ನಿಧಾನದಲ್ಲಿ ಕೈ ಅಲುಗಿದರೂ ಕೆಟ್ಟುಹೋಗುತ್ತೆ. ಅದಕ್ಕೇ ಕಾಲು ಅಗಲಿಸಿ ನಿಂತು, ಮೊಣಕೈ ಮೈಗೆ ಒತ್ತಿಕೊಂಡು, ಸೊಂಟದಿಂದ ತಿರುಗುತ್ತಾ ವಿಮಾನದ ಜೊತೆಗೇ ಸಾಗಿ, ಬಟನ್ ಒತ್ತಿದ ಮೇಲೂ ತಿರುಗೋದು ನಿಲ್ಲಿಸಬೇಡಿ. ಶುರುವಿನಲ್ಲಿ 1/250 ಇಟ್ಟು ಕೈ ಪಳಗಿಸಿಕೊಳ್ಳಿ.

ಮೋಡ ಕವಿದ ಬಿಳಿ ಆಕಾಶವಿದ್ದರೆ ವಿಮಾನ ಕಪ್ಪಾಗಿ ಬರುತ್ತೆ, ಎಕ್ಸ್‌ಪೋಷರ್ ಒಂದು ಸ್ಟಾಪ್‌ವರೆಗೂ (ಅಂದರೆ ಬೆಳಕು ಎರಡು ಪಟ್ಟಾಗುವವರೆಗೂ) ಏರಿಸಿ ನೋಡಿ.

ಬಯಲಲ್ಲಿ ನಿಲ್ಲಿಸಿರುವ ಹಳೆಯ ವಿಮಾನಗಳಿಗೆ ಮಾತ್ರ ಈ ಮೋಡವೇ ವರ. ಬಿಸಿಲಿದ್ದರೆ ರೆಕ್ಕೆ ಕೆಳಗಿನ ಚಕ್ರ, ಎಂಜಿನ್ ಎಲ್ಲ ಕಪ್ಪು ನೆರಳಲ್ಲಿ ಮುಳುಗಿಬಿಡುತ್ತೆ, ಮೋಡದ ಬೆಳಕು ಅಲ್ಲಿಗೂ ತಲುಪುತ್ತೆ. ಇಡೀ ವಿಮಾನ ಒಂದೇ ಫ್ರೇಮಿಗೆ ತುರುಕಲು ವೈಡ್ ಲೆನ್ಸ್ ಹಾಕಿ ಹತ್ತಿರ ನಿಂತರೆ ಮೂಗು ಊದಿಕೊಂಡು ಬರುತ್ತೆ. ಹಿಂದೆ ಸರಿಯಿರಿ. ಜಾಗ ಇಲ್ವಾ, ಭಾಗಗಳನ್ನೇ ತೆಗೆಯಿರಿ. ಜರ್ಮನಿಯ ಸಿನ್ಸ್‌ಹೈಮ್ ಮ್ಯೂಸಿಯಂನ ಚಾವಣಿ ಮೇಲೆ ಶಬ್ದಕ್ಕಿಂತ ವೇಗವಾಗಿ ಹಾರುತ್ತಿದ್ದ ಪ್ರಯಾಣಿಕ ವಿಮಾನಗಳಾದ ಕಾಂಕಾರ್ಡ್ ಮತ್ತು ಸೋವಿಯತ್ ಟಿಯು-144 ಎರಡೂ ಇವೆ. ದೂರದಿಂದ ಅವಳಿಗಳ ಹಾಗೆ ಕಾಣುತ್ತವೆ, ಆದರೆ ಟಿಯು-144ರ ಕಾಕ್‌ಪಿಟ್ ಹಿಂದೆ ಎರಡು ಪುಟ್ಟ ರೆಕ್ಕೆಗಳಿವೆ, ಕಾಂಕಾರ್ಡ್‌ಗೆ ಇಲ್ಲ. ನಾನಾದರೆ ಅಲ್ಲಿ ಮೊದಲು ಅದನ್ನೇ ತೆಗೆಯುತ್ತೇನೆ.

ಲೆನ್ಸಿಗೆ ಪೋಲರೈಸರ್ (ಪ್ರತಿಫಲನ ತಗ್ಗಿಸುವ ಫಿಲ್ಟರ್) ಹಾಕಿದ್ದರೆ ಕಿಟಕಿಗಳ ಮೇಲೆ ಕಾಮನಬಿಲ್ಲಿನ ಬಣ್ಣ ಮೂಡಬಹುದು, ಬಿಚ್ಚಿಡಿ. ಹೊರಡುವ ಮುಂಚೆ ಹಿಂಭಾಗದಲ್ಲಿ ಬರೆದಿರುವ ನೋಂದಣಿ ಅಕ್ಷರಗಳದ್ದೂ ಒಂದು ಫೋಟೊ ಇರಲಿ. ಒಂದೇ ಮಾದರಿಯ ಹತ್ತು ವಿಮಾನಗಳಲ್ಲಿ ನೀವು ನೋಡಿದ್ದು ಯಾವುದು ಅಂತ ಆಮೇಲೆ ಹುಡುಕಲು ಅದೇ ಬೇಕು.