ಬೀರುಗಳಿಗೆ ಬೀಗ ಹಾಕಲು ಹೇಳಿದವರು ಯಾರು?

ನಾನು ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ. ಸೇರಿದ ದಿನ ನನ್ನ ಕೈಗೆ ಬಂದದ್ದು ಒಂದು ಕೋಣೆ, ನಾಲ್ಕು ಕಬ್ಬಿಣದ ಬೀರು ಮತ್ತು ಬೀಗದ ಕೈಗಳ ಗೊಂಚಲು. ಪುಸ್ತಕ ಕಳೆದರೆ ನಿಮ್ಮ ಗೌರವಧನದಲ್ಲಿ ಹಿಡಿಯುತ್ತಾರೆ ಎಂದು ಹಿಂದಿದ್ದವರು ಎಚ್ಚರಿಸಿದ್ದರು. ಹೆದರಿದೆ. ಪತ್ರಿಕೆ ಹರಡುವುದು, ಸಹಿ ಹಾಕಿಸುವುದು, ಬಾಗಿಲು ಮುಚ್ಚುವುದು, ಇಷ್ಟರಲ್ಲೇ ವರ್ಷಗಳು ಕಳೆದವು. ಯಾರಾದರೂ ಕೇಳಿದರೆ ಮಾತ್ರ ಬೀರು ತೆರೆಯುತ್ತಿದ್ದೆ. ಒಳಗೆ ಏನಿದೆಯೆಂದೇ ಕಾಣದವರು ಏನೆಂದು ಕೇಳಿಯಾರು?

2019ರಲ್ಲಿ ನಮ್ಮ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದವು. ದಾಸ್ತಾನು ಪಟ್ಟಿ ಬರೆಯಲು ಕುಳಿತಾಗ ಹಳೆಯ ಸುತ್ತೋಲೆಗಳ ಕಡತ ಸಿಕ್ಕಿತು. ಎರಡು ಸಂಜೆ ಕುಳಿತು ಪೂರ್ತಿ ಓದಿದೆ. ಗ್ರಂಥಾಲಯ ತೆರೆದಿರುವಾಗ ಬೀರುಗಳಿಗೆ ಬೀಗ ಹಾಕಿ ಎಂದು ಒಂದು ಹಾಳೆಯಲ್ಲೂ ಇರಲಿಲ್ಲ. ಭಾರತದಲ್ಲಿ ಗ್ರಂಥಾಲಯ ವಿಜ್ಞಾನಕ್ಕೆ ಬುನಾದಿ ಹಾಕಿದ ಎಸ್.ಆರ್. ರಂಗನಾಥನ್ ಅವರ ಐದು ಸೂತ್ರಗಳನ್ನು ತರಬೇತಿಯಲ್ಲಿ ಬಾಯಿಪಾಠ ಮಾಡಿದ್ದೆ. 1931ರಲ್ಲಿ ಪ್ರಕಟವಾದ ಅವುಗಳಲ್ಲಿ ಮೊದಲನೆಯದೇ ಪುಸ್ತಕಗಳಿರುವುದು ಬಳಕೆಗೆ ಎಂಬುದು. ಅಂದು ನನಗೆ ನಾಚಿಕೆಯಾಯಿತು.

ಅಲ್ಲಿಯವರೆಗೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರ ಮುಂದೆ ನಿಂತು "ಏನು ಮಾಡಲಿ ಸರ್?" ಎಂದೇ ಕೇಳುತ್ತಿದ್ದೆ. ಈ ಸಲ ಅರ್ಧ ಪುಟದ ಪತ್ರ ಬರೆದುಕೊಂಡು ಹೋದೆ: ಸೋಮವಾರದಿಂದ ಮಕ್ಕಳ ಪುಸ್ತಕಗಳನ್ನು ತೆರೆದ ಹಲಗೆಗಳ ಮೇಲೆ ಇಡುತ್ತೇನೆ, ಎಷ್ಟು ಹೋದವು, ಎಷ್ಟು ಬಂದವು, ಎಷ್ಟು ಕಳೆದವು ಎಂಬ ಲೆಕ್ಕವನ್ನು ಪ್ರತಿ ತಿಂಗಳು ಒಪ್ಪಿಸುತ್ತೇನೆ. ಅವರು ಎರಡು ಬಾರಿ ಓದಿದರು. "ಲೆಕ್ಕ ಸರಿಯಾಗಿರಲಿ ಮೇಡಂ" ಎಂದು ಸಹಿ ಮಾಡಿದರು. ಆ ಸಹಿಯ ಒಂದು ಪ್ರತಿ ಇಂದಿಗೂ ನನ್ನ ಮೇಜಿನ ಖಾನೆಯಲ್ಲಿದೆ. ಕೇಳಿದ್ದರೆ ಅದು ಮೊದಲ ವರ್ಷವೇ ಸಿಗುತ್ತಿತ್ತೋ ಏನೋ ಎಂಬ ಕೊರಗು ಈಗಲೂ ಇದೆ.

2020ರ ನವೆಂಬರ್‌ನಲ್ಲಿ ಹಳ್ಳಿಯ ಮಕ್ಕಳನ್ನು ಓದಿಗೆ ಸೆಳೆಯುವ ಸರ್ಕಾರದ 'ಓದುವ ಬೆಳಕು' ಕಾರ್ಯಕ್ರಮ ಬಂದು, ಮಕ್ಕಳಿಗೆ ಸದಸ್ಯತ್ವ ಉಚಿತವಾಯಿತು. ಶಾಲೆಗಳು ಮುಚ್ಚಿದ್ದ ಕಾಲವದು. ನಮ್ಮಲ್ಲಿ ಹಲಗೆಗಳು ಆಗಲೇ ಸಿದ್ಧವಿದ್ದವು.

ಮೊದಲ ವರ್ಷ ಹನ್ನೊಂದು ಪುಸ್ತಕಗಳು ಕಳೆದವು. ಹನ್ನೊಂದನ್ನೂ ವರದಿಯಲ್ಲಿ ಬರೆದೆ. ಯಾರೂ ಹಣ ಹಿಡಿಯಲಿಲ್ಲ. ಗ್ರಂಥಾಲಯದ ವೇಳೆ ಬದಲಿಸುವುದು ಮಾತ್ರ ನನ್ನ ಕೈಯಲ್ಲಿರಲಿಲ್ಲ. ಅದಕ್ಕೆ ಮೂರು ಮನವಿ ಬೇಕಾಯಿತು. ಗೌರವಧನ ಹೆಚ್ಚಿಸಿ ಎಂದು ಸಂಘದವರೊಂದಿಗೆ ನಿಂತು ಕೇಳುವುದನ್ನೂ ನಾನು ಬಿಟ್ಟಿಲ್ಲ. ಮನಸ್ಸಿಟ್ಟು ದುಡಿಯುವವರು ಕೂಲಿಯ ಮಾತೆತ್ತಬಾರದು ಎನ್ನುವುದನ್ನು ನಾನು ಒಪ್ಪುವುದಿಲ್ಲ.

ಕಳೆದ ಪುಸ್ತಕಗಳಲ್ಲಿ ಒಂದು ಎಂಟು ತಿಂಗಳ ನಂತರ ಮರಳಿತು. ಹರಿದಿದ್ದ ಅದರ ಬೆನ್ನನ್ನು, ಅದನ್ನು ಒಯ್ದಿದ್ದ ಹುಡುಗನ ಅಜ್ಜಿ ಕೌದಿ ಹೊಲಿಯುವ ದಾರದಿಂದ ಹೊಲಿದಿದ್ದರು. ಅದನ್ನು ಕೊಡಲು ಬಂದ ಅಜ್ಜಿ ಹಲಗೆಗಳ ಮುಂದೆ ಬಹಳ ಹೊತ್ತು ನಿಂತು, "ದೊಡ್ಡ ಅಕ್ಷರದ್ದು ಯಾವುದಾದರೂ ಇದೆಯೇನಮ್ಮ?" ಎಂದು ಕೇಳಿದರು. ಇರಲಿಲ್ಲ. ಆ ಸಂಜೆಯೇ ಪಂಚಾಯಿತಿಗೆ ಇನ್ನೊಂದು ಪತ್ರ ಬರೆದೆ.