ಹಾಡಿನ ಸಂಗ್ರಹ: ಹೊಸ ಆವೃತ್ತಿಗೆ ಹೋಗುವ ಮುನ್ನ, ಸಿ.ಡಿ. ರಿಪ್ ಮಾಡುವ ಮುನ್ನ

ಕಂಪ್ಯೂಟರಿನಲ್ಲಿ ಹಾಡುಗಳನ್ನು ಸಂಗ್ರಹಿಸಿಟ್ಟವರು ಎರಡು ಕೆಲಸಗಳನ್ನು ಅವಸರದಲ್ಲಿ ಮಾಡಿ ಆಮೇಲೆ ಪೇಚಾಡುವುದುಂಟು. ಸಂಗೀತ ತಂತ್ರಾಂಶದ ಹೊಸ ಆವೃತ್ತಿ ಬಂದಿದೆ ಎಂಬ ಸೂಚನೆ ಪರದೆಯ ಮೇಲೆ ಮೂಡಿದ ಕೂಡಲೇ ಒಪ್ಪಿಗೆಯ ಗುಂಡಿ ಒತ್ತುವುದು ಒಂದು, ಸಿ.ಡಿ.ಯಲ್ಲಿರುವ ಹಾಡುಗಳನ್ನು ಕಂಪ್ಯೂಟರಿಗೆ ಇಳಿಸುವಾಗ, ಅಂದರೆ ರಿಪ್ ಮಾಡುವಾಗ, ತಂತ್ರಾಂಶ ತಾನಾಗಿ ಆರಿಸಿಕೊಂಡ ಗುಣಮಟ್ಟವನ್ನೇ ಉಳಿಸಿಕೊಳ್ಳುವುದು ಇನ್ನೊಂದು. ಈಚಿನ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಸಿ.ಡಿ. ಡ್ರೈವೇ ಇಲ್ಲ, ಹಳೆಯ ಸಿ.ಡಿ.ಗಳ ಮೇಲೆ ಗೀರುಗಳು ಹೆಚ್ಚುತ್ತಲೇ ಇರುತ್ತವೆ. ಹಾಗಾಗಿ ಈಗ ಕೂತು ಮಾಡುವ ರಿಪ್ ಆ ಸಿ.ಡಿ.ಯ ಮಟ್ಟಿಗೆ ಕೊನೆಯದೂ ಆಗಿರಬಹುದು ಎಂದು ಭಾವಿಸಿಯೇ ಕೆಲಸ ಆರಂಭಿಸುವುದು ಒಳ್ಳೆಯದು.

ಮೊದಲ ಹೆಜ್ಜೆ: ಸಂಗ್ರಹ ಎಂದರೆ ಏನೇನು ಎಂದು ತಿಳಿಯುವುದು

ಸಂಗೀತ ಸಂಗ್ರಹದಲ್ಲಿ ಎರಡು ಬೇರೆ ಬೇರೆ ವಸ್ತುಗಳಿರುತ್ತವೆ. ಹಾಡಿನ ಫೈಲುಗಳು ಒಂದು ಕಡೆ. ಯಾವ ಹಾಡು ಯಾವ ಪ್ಲೇಲಿಸ್ಟಿನಲ್ಲಿದೆ, ಎಷ್ಟು ಬಾರಿ ಕೇಳಿದ್ದೀರಿ, ಎಷ್ಟು ನಕ್ಷತ್ರ ಕೊಟ್ಟಿದ್ದೀರಿ, ಯಾವಾಗ ಸೇರಿಸಿದಿರಿ ಎಂಬ ವಿವರಗಳನ್ನು ಇಟ್ಟುಕೊಂಡಿರುವ ಲೈಬ್ರರಿ ಫೈಲು ಮತ್ತೊಂದು ಕಡೆ. ವಿಂಡೋಸ್‌ನಲ್ಲಿ ಆ್ಯಪಲ್ ಕಂಪನಿಯ ಸಂಗೀತ ತಂತ್ರಾಂಶವಾದ ಐಟ್ಯೂನ್ಸ್ ಬಳಸುವವರಿಗೆ ಈ ಲೈಬ್ರರಿ ಫೈಲು ಸಾಮಾನ್ಯವಾಗಿ ಮ್ಯೂಸಿಕ್ ಫೋಲ್ಡರಿನೊಳಗಿನ ಐಟ್ಯೂನ್ಸ್ ಫೋಲ್ಡರಿನಲ್ಲಿ ಸಿಗುತ್ತದೆ. 2019ರಲ್ಲಿ ಮ್ಯಾಕ್ ಕಂಪ್ಯೂಟರುಗಳಲ್ಲಿ ಐಟ್ಯೂನ್ಸ್ ಜಾಗಕ್ಕೆ ಮ್ಯೂಸಿಕ್ ಎಂಬ ಆ್ಯಪ್ ಬಂದ ಮೇಲೆ, ಅಲ್ಲಿ ಅದು ಮ್ಯೂಸಿಕ್ ಫೋಲ್ಡರಿನೊಳಗೆ ಅದೇ ಹೆಸರಿನ ಇನ್ನೊಂದು ಫೋಲ್ಡರಿನಲ್ಲಿರುತ್ತದೆ.

ಹಾಡಿನ ಫೈಲುಗಳನ್ನಷ್ಟೇ ನಕಲು ಮಾಡಿಟ್ಟು ನಿಶ್ಚಿಂತರಾಗುವವರು ಹಲವರು. ನಾನೂ ಹಾಗೆಯೇ ಒಮ್ಮೆ ತಂತ್ರಾಂಶವೊಂದನ್ನು ಅಪ್‌ಡೇಟ್ ಮಾಡಿದ್ದೆ. ಹಾಡುಗಳೆಲ್ಲ ಉಳಿದವು, ಆದರೆ ವರ್ಷಗಳಿಂದ ಒಂದೊಂದಾಗಿ ಜೋಡಿಸಿದ್ದ ಪ್ಲೇಲಿಸ್ಟುಗಳು ಉಳಿಯಲಿಲ್ಲ. ಹಾಡನ್ನು ಮತ್ತೆ ಎಲ್ಲಿಂದಾದರೂ ತಂದುಕೊಳ್ಳಬಹುದು, ಆದರೆ ಕೇಳಿ ಕೇಳಿ ಕಟ್ಟಿದ ಆ ಕ್ರಮವನ್ನು ಪೂರ್ತಿಯಾಗಿ ನೆನಪಿಸಿಕೊಂಡು ಮರಳಿ ಕಟ್ಟುವುದು ನನ್ನಿಂದ ಆಗಲಿಲ್ಲ.

ಎರಡನೆಯ ಹೆಜ್ಜೆ: ಬ್ಯಾಕಪ್, ಆಮೇಲೆ ಅಪ್‌ಡೇಟ್

ಹಾಡುಗಳು ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಪೆನ್‌ಡ್ರೈವ್ ಎಂದು ಹಲವು ಕಡೆ ಚದುರಿದ್ದರೆ ಮೊದಲು ಅವನ್ನು ಒಂದೇ ಫೋಲ್ಡರಿಗೆ ತರಬೇಕು. ಐಟ್ಯೂನ್ಸ್‌ನಲ್ಲಿ ಇದಕ್ಕೆ ಫೈಲ್ ಮೆನುವಿನ ಲೈಬ್ರರಿ ವಿಭಾಗದಲ್ಲಿ ‘ಆರ್ಗನೈಸ್ ಲೈಬ್ರರಿ’ ಎಂಬುದನ್ನು ತೆರೆದು ‘ಕನ್ಸಾಲಿಡೇಟ್ ಫೈಲ್ಸ್’ ಆರಿಸಿದರೆ ಸಾಕು. ಅದು ಹಾಡುಗಳನ್ನು ಮೂಲ ಜಾಗದಿಂದ ಅಳಿಸದೆ ಸಂಗ್ರಹದ ಫೋಲ್ಡರಿಗೆ ನಕಲು ಮಾಡುತ್ತದೆ. ಆ ಬಳಿಕ ತಂತ್ರಾಂಶವನ್ನು ಪೂರ್ತಿ ಮುಚ್ಚಿ, ಇಡೀ ಫೋಲ್ಡರನ್ನು ಬೇರೆ ಹಾರ್ಡ್ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಮುಚ್ಚುವುದು ಮುಖ್ಯ, ಏಕೆಂದರೆ ತೆರೆದಿರುವಾಗ ತಂತ್ರಾಂಶ ಲೈಬ್ರರಿ ಫೈಲಿಗೆ ಬರೆಯುತ್ತಲೇ ಇರಬಹುದು ಮತ್ತು ಅರ್ಧ ಬರೆದ ಫೈಲಿನ ನಕಲು ಉಪಯೋಗಕ್ಕೆ ಬರುವುದಿಲ್ಲ.

ಹೊಸ ಆವೃತ್ತಿ ಮೊದಲ ಬಾರಿ ತೆರೆದುಕೊಳ್ಳುವಾಗ ಕೆಲವೊಮ್ಮೆ ಲೈಬ್ರರಿ ಫೈಲನ್ನು ಹೊಸ ಮಾದರಿಗೆ ಪರಿವರ್ತಿಸುತ್ತದೆ. ಹೀಗೆ ಪರಿವರ್ತನೆಯಾದ ಫೈಲನ್ನು ಹಳೆಯ ಆವೃತ್ತಿ ಓದಲಾರದು, ಆದ್ದರಿಂದ ಹೊಸದು ಒಗ್ಗಲಿಲ್ಲವೆಂದು ಹಿಂದಿನ ಆವೃತ್ತಿಯನ್ನು ಮತ್ತೆ ಹಾಕಿಕೊಂಡರೆ, ಫೈಲು ಹೊಸ ಆವೃತ್ತಿಯಲ್ಲಿ ರಚಿತವಾದದ್ದು ಎಂಬ ಸಂದೇಶವಷ್ಟೇ ಸಿಗುತ್ತದೆ. ಐಟ್ಯೂನ್ಸ್ ಇಂಥ ಸಂದರ್ಭಕ್ಕೆಂದು ಹಳೆಯ ಲೈಬ್ರರಿಯ ಪ್ರತಿಯನ್ನು ‘ಪ್ರೀವಿಯಸ್ ಐಟ್ಯೂನ್ಸ್ ಲೈಬ್ರರೀಸ್’ ಎಂಬ ಫೋಲ್ಡರಿನಲ್ಲಿ ದಿನಾಂಕದೊಂದಿಗೆ ಇಟ್ಟಿರುತ್ತದೆ. ಅಪ್‌ಡೇಟ್ ಆದ ಮೇಲೆ ಸಂಗ್ರಹ ಖಾಲಿಯಾಗಿ ಕಂಡರೆ ಗಾಬರಿಯಾಗಬೇಡಿ: ವಿಂಡೋಸ್‌ನಲ್ಲಿ ಶಿಫ್ಟ್ ಕೀಲಿಯನ್ನು, ಮ್ಯಾಕ್‌ನಲ್ಲಿ ಆಪ್ಷನ್ ಕೀಲಿಯನ್ನು ಒತ್ತಿ ಹಿಡಿದು ತಂತ್ರಾಂಶ ತೆರೆದರೆ ಯಾವ ಲೈಬ್ರರಿ ಬೇಕೆಂದು ಅದು ಕೇಳುತ್ತದೆ, ಆಗ ನಿಮ್ಮ ಹಳೆಯ ಲೈಬ್ರರಿಯನ್ನು ತೋರಿಸಬಹುದು.

ಅಪ್‌ಡೇಟನ್ನು ತಂತ್ರಾಂಶದ ಸ್ವಂತ ಮೆನುವಿನಿಂದ ಅಥವಾ ತಯಾರಕರ ಅಧಿಕೃತ ಅಂಗಡಿ-ಪುಟದಿಂದಲೇ ಮಾಡಿಕೊಳ್ಳಬೇಕು. ಬೇರಾವುದೋ ಜಾಲತಾಣದಲ್ಲಿ ಸಿಕ್ಕ ಇನ್‌ಸ್ಟಾಲರ್ ಬೇಡ.

ಮೂರನೆಯ ಹೆಜ್ಜೆ: ಗುಣಮಟ್ಟದ ಲೆಕ್ಕ

ಸಂಗೀತದ ಸಿ.ಡಿ.ಯಲ್ಲಿ ಧ್ವನಿಯನ್ನು ಪ್ರತಿ ಸೆಕೆಂಡಿಗೆ 44,100 ಬಾರಿ ಅಳೆದು, ಪ್ರತಿ ಅಳತೆಯನ್ನು 16 ಬಿಟ್‌ಗಳಲ್ಲಿ ಬರೆದಿರುತ್ತಾರೆ, ಅದೂ ಎಡ ಮತ್ತು ಬಲ ಎಂಬ ಎರಡು ಚಾನೆಲ್‌ಗಳಿಗೆ ಬೇರೆ ಬೇರೆಯಾಗಿ. ಮೂರನ್ನೂ ಗುಣಿಸಿದರೆ ಸೆಕೆಂಡಿಗೆ 14,11,200 ಬಿಟ್‌ಗಳು, ಅಂದರೆ ಸುಮಾರು 1411 ಕಿಲೋಬಿಟ್. ಈ ಬಿಟ್ ರೇಟ್‌ನಲ್ಲಿ ನಾಲ್ಕು ನಿಮಿಷದ ಒಂದು ಹಾಡು ಸುಮಾರು 42 ಎಂ.ಬಿ. ಜಾಗ ತಿನ್ನುತ್ತದೆ. ವೇವ್ ಮತ್ತು ಎ.ಐ.ಎಫ್.ಎಫ್. ಮಾದರಿಗಳಲ್ಲಿ ಇಳಿಸಿಕೊಂಡರೆ ಇಷ್ಟೂ ಹಾಗೆಯೇ ಉಳಿಯುತ್ತದೆ.

ಎಂಪಿ3 ಮತ್ತು ಎ.ಎ.ಸಿ. ಮಾದರಿಗಳು ಬೇರೆ ದಾರಿ ಹಿಡಿದವು. ದೊಡ್ಡ ಸದ್ದಿನ ಬೆನ್ನಿಗಿರುವ ಸಣ್ಣ ಸದ್ದು ಮನುಷ್ಯನ ಕಿವಿಗೆ ಕೇಳಿಸುವುದಿಲ್ಲ ಎಂಬಂಥ ಗುಣಗಳನ್ನು ಲೆಕ್ಕಕ್ಕೆ ತೆಗೆದುಕೊಂಡು, ಕೇಳಿಸದ್ದನ್ನು ಅವು ಕೈಬಿಡುತ್ತವೆ. ಅದೇ ನಾಲ್ಕು ನಿಮಿಷದ ಹಾಡು 128 ಕಿಲೋಬಿಟ್‌ನಲ್ಲಿ 4 ಎಂ.ಬಿ.ಗಿಂತ ತುಸು ಕಡಿಮೆ, 256ರಲ್ಲಿ 8 ಎಂ.ಬಿ.ಗಿಂತ ತುಸು ಕಡಿಮೆ, ಎಂಪಿ3ಯ ಗರಿಷ್ಠವಾದ 320ರಲ್ಲಿ ಸುಮಾರು 9.6 ಎಂ.ಬಿ. ಆಗುತ್ತದೆ. ಬಿಟ್ಟುಹೋದದ್ದು ಕಡಿಮೆ ಬಿಟ್ ರೇಟ್‌ನಲ್ಲಿ ಎಲ್ಲಕ್ಕಿಂತ ಮೊದಲು ಗೊತ್ತಾಗುವುದು ಚಪ್ಪಾಳೆಯಲ್ಲಿ, ಸಿಂಬಲ್‌ನ ಝಣತ್ಕಾರದಲ್ಲಿ, ಥಟ್ಟನೆ ಹುಟ್ಟಿ ಥಟ್ಟನೆ ಆರುವ ಪೆಟ್ಟಿನ ಸದ್ದುಗಳಲ್ಲಿ. ಅವು ಕಲಸಿಹೋದಂತೆ, ನೀರಿನೊಳಗಿಂದ ಬಂದಂತೆ ಕೇಳಿಸುತ್ತವೆ. ಒಬ್ಬರೇ ಮಾತನಾಡುವ ಧ್ವನಿಮುದ್ರಿಕೆಗೆ ಇಷ್ಟು ಚಿಂತೆ ಬೇಕಿಲ್ಲ, ಅದಕ್ಕೆ 64 ಕಿಲೋಬಿಟ್‌ನ ಮೊನೊ, ಅಂದರೆ ಒಂದೇ ಚಾನೆಲ್‌ನ ಧ್ವನಿ ಕೂಡ ಸಾಕಾಗುತ್ತದೆ.

ಈ ಎರಡರ ನಡುವೆ ಮೂರನೆಯದೊಂದಿದೆ, ನನ್ನ ಶಿಫಾರಸು ಅದಕ್ಕೇ. 2001ರಲ್ಲಿ ಬಂದ ಫ್ಲಾಕ್ ಮತ್ತು 2004ರಲ್ಲಿ ಬಂದ ಆ್ಯಪಲ್ ಲಾಸ್‌ಲೆಸ್ ಮಾದರಿಗಳು ಧ್ವನಿಯ ಒಂದು ಬಿಟ್ಟನ್ನೂ ಬಿಡದೆ ಫೈಲನ್ನು ಚಿಕ್ಕದಾಗಿಸುತ್ತವೆ. ಸಂಗೀತದ ಸ್ವರೂಪವನ್ನು ಅವಲಂಬಿಸಿ ಗಾತ್ರ ಮೂಲದ ಅರ್ಧದಿಂದ ಮೂರನೇ ಎರಡರಷ್ಟಕ್ಕೆ ಇಳಿಯುವುದು ಸಾಮಾನ್ಯ, ಬಿಚ್ಚಿದಾಗ ಮಾತ್ರ ಸಿ.ಡಿ.ಯಿಂದ ಓದಿಕೊಂಡದ್ದೇ ಅಕ್ಷರಶಃ ಮರಳಿ ಬರುತ್ತದೆ. ನಾಲ್ಕು ನಿಮಿಷದ ಸಾವಿರ ಹಾಡುಗಳಿಗೆ ಹೀಗೆ 21ರಿಂದ 28 ಜಿ.ಬಿ. ಬೇಕಾಗಬಹುದು, ಇಂದಿನ ಹಾರ್ಡ್ ಡಿಸ್ಕುಗಳಿಗೆ ಅದು ಭಾರವಲ್ಲ. ವೇವ್‌ಗಿಂತ ಇವು ಮೇಲು ಎನ್ನಲು ಇನ್ನೊಂದು ಕಾರಣವೂ ಇದೆ: ಹಾಡಿನ ಹೆಸರು, ಗಾಯಕರು, ಆಲ್ಬಂ ಚಿತ್ರ ಮುಂತಾದ ವಿವರಗಳನ್ನು ಇವು ಫೈಲಿನೊಳಗೇ ಚೆನ್ನಾಗಿ ಹಿಡಿದಿಟ್ಟುಕೊಳ್ಳುತ್ತವೆ, ವೇವ್ ಫೈಲಿನಲ್ಲಿ ಅವು ಉಳಿಯುತ್ತವೆಂಬ ಭರವಸೆ ಕಡಿಮೆ.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ತಿದ್ದಲೇಬೇಕು. 128 ಕಿಲೋಬಿಟ್‌ನ ಎಂಪಿ3ಯನ್ನು 320ಕ್ಕೋ ಫ್ಲಾಕ್‌ಗೋ ಪರಿವರ್ತಿಸಿದರೆ ಫೈಲು ಉಬ್ಬುತ್ತದೆಯೇ ಹೊರತು ಬಿಟ್ಟುಹೋದ ನಾದ ಮರಳಿ ಬರುವುದಿಲ್ಲ. ಎಂಪಿ3ಯಿಂದ ಎ.ಎ.ಸಿ.ಗೆ, ಅಲ್ಲಿಂದ ಮತ್ತೆ ಎಂಪಿ3ಗೆ ಎಂದು ಬದಲಿಸುತ್ತಾ ಹೋದರಂತೂ ಪ್ರತಿ ಸಲವೂ ಒಂದಿಷ್ಟು ಸವೆಯುತ್ತದೆ. ಲಾಸ್‌ಲೆಸ್ ಪ್ರತಿ ಒಂದಿದ್ದರೆ ಯಾವಾಗ ಯಾವ ಮಾದರಿ ಬೇಕಾದರೂ ಅದರಿಂದ ನೇರವಾಗಿ ಮಾಡಿಕೊಳ್ಳಬಹುದು.

ನಾಲ್ಕನೆಯ ಹೆಜ್ಜೆ: ಸೆಟ್ಟಿಂಗ್ ಬದಲಿಸಿ, ಒಂದೇ ಸಿ.ಡಿ.ಯಲ್ಲಿ ಪರೀಕ್ಷಿಸಿ

ವಿಂಡೋಸ್‌ನ ಐಟ್ಯೂನ್ಸ್‌ನಲ್ಲಿ ಎಡಿಟ್ ಮೆನುವಿನ ಪ್ರಿಫರೆನ್ಸಸ್ ತೆರೆದರೆ ಜನರಲ್ ವಿಭಾಗದಲ್ಲಿ ‘ಇಂಪೋರ್ಟ್ ಸೆಟ್ಟಿಂಗ್ಸ್’ ಗುಂಡಿ ಕಾಣುತ್ತದೆ. ಮ್ಯಾಕ್‌ನ ಮ್ಯೂಸಿಕ್ ಆ್ಯಪ್‌ನಲ್ಲಿ ಅದು ಸೆಟ್ಟಿಂಗ್ಸ್‌ನ ಫೈಲ್ಸ್ ವಿಭಾಗದಲ್ಲಿದೆ. ಅಲ್ಲಿ ‘ಇಂಪೋರ್ಟ್ ಯೂಸಿಂಗ್’ ಎಂಬಲ್ಲಿ ಆ್ಯಪಲ್ ಲಾಸ್‌ಲೆಸ್ ಎನ್‌ಕೋಡರ್ ಆರಿಸಿ. ಜಾಗದ ಕೊರತೆಯಿದ್ದರೆ ಎ.ಎ.ಸಿ. ಆರಿಸಿ 256 ಕಿಲೋಬಿಟ್‌ನ ‘ಐಟ್ಯೂನ್ಸ್ ಪ್ಲಸ್’ ಗುಣಮಟ್ಟ ಇಟ್ಟುಕೊಳ್ಳಿ. ಹಳೆಯ ಕಾರ್ ಸ್ಟೀರಿಯೊದಂಥ ಸಾಧನಗಳಲ್ಲೂ ನುಡಿಸಬೇಕೆಂದಿದ್ದರೆ ಎಂಪಿ3 ಸುರಕ್ಷಿತ. ಗೀರು ಬಿದ್ದ ಸಿ.ಡಿ.ಗಳಿಗಾಗಿ ಅದೇ ಕಿಟಕಿಯಲ್ಲಿರುವ ‘ಎರರ್ ಕರೆಕ್ಷನ್’ ಚೌಕಕ್ಕೆ ಗುರುತು ಹಾಕಿ, ಓದುವಿಕೆ ನಿಧಾನವಾದರೂ ಚಟಚಟ ಸದ್ದುಗಳು ತಗ್ಗುತ್ತವೆ. ಐಟ್ಯೂನ್ಸ್ ಫ್ಲಾಕ್ ಫೈಲುಗಳನ್ನು ನುಡಿಸುವುದಿಲ್ಲ, ಹಾಗಾಗಿ ಫ್ಲಾಕ್ ಬೇಕೆನ್ನುವವರು ವಿಂಡೋಸ್ ಮೀಡಿಯಾ ಪ್ಲೇಯರ್‌ನಂಥ ಬೇರೆ ತಂತ್ರಾಂಶದ ರಿಪ್ ಸೆಟ್ಟಿಂಗ್ ನೋಡಬೇಕು.

ಈ ಬದಲಾವಣೆ ಇನ್ನು ಮುಂದೆ ಇಳಿಸುವ ಹಾಡುಗಳಿಗಷ್ಟೇ ಅನ್ವಯಿಸುತ್ತದೆ, ಈಗಾಗಲೇ ಸಂಗ್ರಹದಲ್ಲಿರುವವು ಹಾಗೆಯೇ ಇರುತ್ತವೆ. ಅವನ್ನೂ ಉತ್ತಮಪಡಿಸಬೇಕೆಂದರೆ ಆ ಸಿ.ಡಿ.ಯನ್ನು ಮತ್ತೆ ಹಾಕುವುದೊಂದೇ ದಾರಿ. ಹಾಡು ಮತ್ತು ಆಲ್ಬಂ ಹೆಸರುಗಳು ಹೊಂದಿಕೊಂಡರೆ ಹಳೆಯದರ ಬದಲಿಗೆ ಹೊಸದನ್ನು ಇಡಲೇ ಎಂದು ಐಟ್ಯೂನ್ಸ್ ಕೇಳುತ್ತದೆ.

ಎಲ್ಲ ಸಿ.ಡಿ.ಗಳನ್ನೂ ಒಟ್ಟಿಗೆ ಇಳಿಸಲು ಕೂರುವ ಮೊದಲು ಒಂದನ್ನು ಮಾತ್ರ ಇಳಿಸಿ, ಅದರ ಒಂದು ಹಾಡಿನಿಂದ 128, 256 ಮತ್ತು ಲಾಸ್‌ಲೆಸ್ ಪ್ರತಿಗಳನ್ನು ತಯಾರಿಸಿಕೊಂಡು, ನೀವು ದಿನವೂ ಬಳಸುವ ಹೆಡ್‌ಫೋನಿನಲ್ಲೇ ಕೇಳಿ ನೋಡಿ. ಯಾವುದು ನುಡಿಯುತ್ತಿದೆ ಎಂಬುದನ್ನು ಇನ್ನೊಬ್ಬರು ನಿಮಗೆ ಹೇಳದೆ ಬದಲಿಸಿದರೆ ಪರೀಕ್ಷೆ ಪ್ರಾಮಾಣಿಕವಾಗುತ್ತದೆ, ಏಕೆಂದರೆ ಅಂಕಿ ಕಣ್ಣಿಗೆ ಬಿದ್ದೊಡನೆ ಕಿವಿಯೂ ಅದರ ಪಕ್ಷ ವಹಿಸುತ್ತದೆ. 256 ಮತ್ತು ಲಾಸ್‌ಲೆಸ್ ನಡುವೆ ಅಂತರ ತಿಳಿಯದೆ ಹೋದರೆ ಬೇಸರ ಬೇಡ, ಹೆಚ್ಚಿನವರಿಗೆ ತಿಳಿಯುವುದಿಲ್ಲ. ಆಗಲೂ ಲಾಸ್‌ಲೆಸ್ ಪ್ರತಿಯನ್ನು ಕಂಪ್ಯೂಟರಿನಲ್ಲಿ ಉಳಿಸಿ, ಫೋನಿಗೆ ಕಳಿಸುವಾಗ ಮಾತ್ರ 256ಕ್ಕೆ ಇಳಿಸಿಕೊಳ್ಳಿ. ಸಿಂಕ್ ಮಾಡುವ ಪುಟದಲ್ಲೇ ಹೆಚ್ಚಿನ ಬಿಟ್ ರೇಟ್‌ನ ಹಾಡುಗಳನ್ನು ಹೀಗೆ ಪರಿವರ್ತಿಸುವ ಆಯ್ಕೆಯಿದೆ.

ಬಹುತೇಕ ಸಿ.ಡಿ.ಗಳಲ್ಲಿ ಹಾಡುಗಳ ಹೆಸರೇ ಇರುವುದಿಲ್ಲ, ತಂತ್ರಾಂಶ ಅವನ್ನು ಅಂತರಜಾಲದ ಕೋಶದಿಂದ ತರುತ್ತದೆ. ಆದ್ದರಿಂದ ಇಂಪೋರ್ಟ್ ಗುಂಡಿ ಒತ್ತುವ ಮುನ್ನವೇ ಹೆಸರು, ಕಾಗುಣಿತ, ಹಾಡಿನ ಕ್ರಮವನ್ನು ಸಿ.ಡಿ.ಯ ಹೊದಿಕೆಯೊಂದಿಗೆ ಹೋಲಿಸಿ ತಿದ್ದಿಕೊಳ್ಳಿ. ಇಳಿಸಿದ ಮೇಲೆ ಪ್ರತಿ ಸಿ.ಡಿ.ಯ ಕೊನೆಯ ಹಾಡನ್ನು ಪೂರ್ತಿ ಕೇಳಿ, ಸಿ.ಡಿ.ಯನ್ನು ಒಳಗಿನಿಂದ ಅಂಚಿನ ಕಡೆಗೆ ಓದುವುದರಿಂದ ಕೊನೆಯ ಹಾಡುಗಳು ಹೊರ ಅಂಚಿಗೆ ಹತ್ತಿರವಿರುತ್ತವೆ, ಕೈ ತಾಗಿ ಹಾಳಾಗುವ ಭಾಗವೂ ಅದೇ. ಸದ್ದು ಎಗರಿದರೆ ಸಿ.ಡಿ.ಯನ್ನು ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ ಆ ಹಾಡನ್ನಷ್ಟೇ ಮತ್ತೆ ಇಳಿಸಿ. ಎಲ್ಲವೂ ಸರಿಯಿದೆ ಎಂದಾದ ಮೇಲೆ, ಮೊದಲು ಮಾಡಿಟ್ಟ ಬ್ಯಾಕಪ್ ಪಕ್ಕದಲ್ಲಿ ಈ ಹೊಸ ಸಂಗ್ರಹದ ಪ್ರತಿಯನ್ನೂ ದಿನಾಂಕ ಬರೆದು ಇಡಿ. ಕೆಲವು ವಾರ ಹೊಸ ಆವೃತ್ತಿಯನ್ನು ಬಳಸಿ ನೋಡುವವರೆಗೆ ಹಳೆಯದನ್ನು ಅಳಿಸಬೇಡಿ.