ತಿಂಗಳು ತುಂಬದೆ ಹುಟ್ಟಿದ ಕೂಸಿಗೆ ಎದೆಹಾಲು: ಹಿಂಡಿ, ಜೋಪಾನ ಮಾಡಿ, ತಲುಪಿಸುವುದು ಹೇಗೆ?

ಕೂಸು ಹಾಸನದ ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ), ಬೆಚ್ಚಗಿಡುವ ಪೆಟ್ಟಿಗೆಯೊಳಗೆ. ತಾಯಿ ಡಿಸ್ಚಾರ್ಜ್ ಆಗಿ ಸಕಲೇಶಪುರದಲ್ಲೋ ಅರಸೀಕೆರೆಯಲ್ಲೋ. ನಡುವೆ ಅಪ್ಪನೋ ಮಾವನೋ ದಿನಾ ಬಸ್ಸಿನಲ್ಲಿ ಹಾಲು ತರುತ್ತಾರೆ. ಆ ಹಾಲು ಬರುವ ರೀತಿ ನೋಡಿದರೆ ಸಂಕಟವಾಗುತ್ತದೆ. ಖಾಲಿ ನೀರಿನ ಬಾಟಲಿಯಲ್ಲಿ ತಂದವರಿದ್ದಾರೆ. ಒಲೆಯ ಮೇಲೆ ಕುದಿಸಿ ತಂದವರಿದ್ದಾರೆ. ‘ಬಂದಿದ್ದೇ ಅರ್ಧ ಚಮಚ, ಅದನ್ನೇನು ತರೋದು’ ಅಂತ ಚೆಲ್ಲಿ ಬಂದವರೂ ಇದ್ದಾರೆ. ಅವರಿಗೆ ಯಾರೂ ಕೂತು ಹೇಳಿಕೊಟ್ಟಿರುವುದಿಲ್ಲ, ಅಷ್ಟೆ.

ಒಂದೂವರೆ ಕೆ.ಜಿ.ಗಿಂತ ಕಡಿಮೆ ತೂಕದ ಮಕ್ಕಳಿಗೆ ಎನ್‌ಇಸಿ ಎಂಬ ಕರುಳಿನ ಕಾಯಿಲೆ ಬರುವ ಅಪಾಯ ಜಾಸ್ತಿ. ಕರುಳಿನ ಒಳಪದರ ಊದಿಕೊಂಡು ಸಾಯುತ್ತದೆ, ಕೆಲವೊಮ್ಮೆ ತೂತೇ ಬೀಳುತ್ತದೆ. ಇದರ ಹಿಂದೆ ಟಿಎಲ್‌ಆರ್4 ಎಂಬ ಪ್ರೋಟೀನಿನ ಕೈವಾಡವಿದೆ. ಬ್ಯಾಕ್ಟೀರಿಯಾ ಬಂದರೆ ಗುರುತು ಹಿಡಿಯುವುದು ಅದರ ಕೆಲಸ. ಕೂಸು ಹೊಟ್ಟೆಯಲ್ಲಿರುವಾಗ ಕರುಳು ಬೆಳೆಯುವುದಕ್ಕೂ ಇದು ಬೇಕು. ಹಾಗಾಗಿ ಆಗ ಅದು ಜೋರಾಗಿಯೇ ಕೆಲಸ ಮಾಡುತ್ತಿರುತ್ತದೆ. ತಿಂಗಳು ತುಂಬುವ ಹೊತ್ತಿಗೆ ತಣ್ಣಗಾಗುತ್ತದೆ. ಮೊದಲೇ ಹುಟ್ಟಿದ ಕೂಸಿನಲ್ಲಿ ಅದಿನ್ನೂ ಜೋರಾಗಿರುವಾಗಲೇ ಹೊರಗಿನ ಬ್ಯಾಕ್ಟೀರಿಯಾ ಕರುಳಿಗೆ ಇಳಿಯುತ್ತವೆ. ಉರಿಯೂತ ಮಿತಿ ಮೀರುತ್ತದೆ. ಕರುಳಿಗೆ ಹೋಗುವ ರಕ್ತವೂ ಕಡಿಮೆಯಾಗುತ್ತದೆ. ಎದೆಹಾಲಿನಲ್ಲಿರುವ ಕೆಲವು ಅಂಶಗಳು ಈ ಪ್ರೋಟೀನಿನ ಅಬ್ಬರವನ್ನು ತಗ್ಗಿಸುತ್ತವೆ ಎಂದು ಪ್ರಯೋಗಗಳು ತೋರಿಸಿವೆ. 1990ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದು ತಿಂಗಳು ತುಂಬದೆ ಹುಟ್ಟಿದ 926 ಮಕ್ಕಳನ್ನು ಗಮನಿಸಿತ್ತು. ಬರೀ ಡಬ್ಬಿ ಹಾಲು ಕುಡಿದವರಲ್ಲಿ ಎನ್‌ಇಸಿ, ಬರೀ ಎದೆಹಾಲು ಕುಡಿದವರಿಗಿಂತ 6ರಿಂದ 10 ಪಟ್ಟು ಹೆಚ್ಚು ಕಂಡಿತು. ಎದೆಹಾಲು ಕುಡಿದ ಮಗುವಿಗೂ ಈ ಕಾಯಿಲೆ ಬರಬಹುದು. ಬಂದರೆ ಅದು ತಾಯಿಯ ತಪ್ಪಲ್ಲ. ಮನೆಯವರು ಇದನ್ನು ನೆನಪಿಡಬೇಕು.

ಮೊದಲು ಶುರು ಮಾಡಿ

ಹೆರಿಗೆಯಾದ ಮೊದಲ ಆರು ಗಂಟೆಯೊಳಗೆ ಹಿಂಡಲು ಶುರು ಮಾಡಿ. ಸಿಸೇರಿಯನ್ ಆಗಿದ್ದರೆ ಪಕ್ಕದಲ್ಲಿರುವವರು ಬಟ್ಟಲು ಹಿಡಿದುಕೊಳ್ಳಲಿ. ಮೊದಲ ಹಳದಿ ಹಾಲನ್ನು ಕೆಟ್ಟ ಹಾಲು ಅಂತ ಚೆಲ್ಲಿಸುವ ಅಜ್ಜಿಯರು ಈಗಲೂ ಇದ್ದಾರೆ. ದಯವಿಟ್ಟು ಚೆಲ್ಲಬೇಡಿ. ಒಂದು ಕೆ.ಜಿ. ಕೂಸಿಗೆ ಶುರುವಿನಲ್ಲಿ ಎರಡು ಗಂಟೆಗೊಮ್ಮೆ ಕೊಡುವುದೇ 1–2 ಮಿ.ಲೀ. ನಿಮಗೆ ಅರ್ಧ ಚಮಚ ಅನಿಸಿದ್ದು ಅದಕ್ಕೆ ಹೊಟ್ಟೆ ತುಂಬಾ ಊಟ. ಒಂದೆರಡು ಹನಿ ಬಂದರೂ ಸಿಸ್ಟರ್ ಕೈಗೆ ಕೊಡಿ. ಕೂಸಿನ ಒಳಕೆನ್ನೆಗೆ ಸವರಲು ಅಷ್ಟು ಸಾಕು.

ಹಿಂಡುವುದು: ಎಡವುವುದು ಇಲ್ಲೇ

ಅಗಲ ಬಾಯಿಯ ಸ್ಟೀಲ್ ಬಟ್ಟಲನ್ನು ತೊಳೆದು ನೀರಿನಲ್ಲಿ ಕುದಿಸಿ. ಕೈಗೆ ಸೋಪು ಹಾಕಿ ಉಗುರಿನ ಸಂದಿಯೂ ಬಿಡದಂತೆ ತೊಳೆಯಿರಿ. ಬಳೆ, ಉಂಗುರ ತೆಗೆದಿಡಿ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಎದೆಯ ಮೇಲೆ ಸ್ವಲ್ಪ ಹೊತ್ತು ಇಟ್ಟು, ಬೆರಳ ತುದಿಯಿಂದ ಮೆಲ್ಲಗೆ ಸುತ್ತಲೂ ನೀವಿಕೊಳ್ಳಿ.

ಈಗ ಹೆಬ್ಬೆರಳು ಮೇಲೆ, ತೋರುಬೆರಳು ಕೆಳಗೆ ಇರಲಿ. ತೊಟ್ಟಿನಿಂದ ಎರಡು ಬೆರಳಗಲ ಹಿಂದೆ, ಕಪ್ಪು ಭಾಗದ ಅಂಚಿನಲ್ಲಿ ಹಿಡಿಯಿರಿ. ಎಲ್ಲರೂ ತೊಟ್ಟನ್ನೇ ಹಿಸುಕುತ್ತಾರೆ. ಅಲ್ಲಿ ಹಿಸುಕಿದರೆ ನೋವು ಮಾತ್ರ ಬರುತ್ತದೆ, ಹಾಲು ಬರುವುದಿಲ್ಲ. ಮೊದಲು ಎರಡೂ ಬೆರಳನ್ನು ಎದೆಗೂಡಿನ ಕಡೆಗೆ ಒತ್ತಿ. ಒತ್ತಿಕೊಂಡೇ ಒಂದರ ಕಡೆಗೊಂದು ಅಮುಕಿ. ಬಿಡಿ. ಮತ್ತೆ ಒತ್ತಿ, ಅಮುಕಿ, ಬಿಡಿ. ಬೆರಳು ಚರ್ಮದ ಮೇಲೆ ಜಾರಬಾರದು. ಒಂದೆರಡು ನಿಮಿಷ ಏನೂ ಬರದೇ ಇರಬಹುದು. ‘ನನಗೆ ಹಾಲೇ ಇಲ್ಲ’ ಅಂತ ಬಹಳಷ್ಟು ತಾಯಂದಿರು ಕೈಬಿಡುವುದು ಆ ಹೊತ್ತಿನಲ್ಲೇ. ಬಿಡಬೇಡಿ. ಮೊದಲು ಹನಿ, ಆಮೇಲೆ ಸಣ್ಣ ಧಾರೆ ಬರುತ್ತದೆ. ಧಾರೆ ನಿಧಾನವಾದಾಗ ಬೆರಳನ್ನು ಪಕ್ಕಕ್ಕೆ ತಿರುಗಿಸಿ ಹಿಡಿಯಿರಿ. ಮೂರರಿಂದ ಐದು ನಿಮಿಷಕ್ಕೊಮ್ಮೆ ಎದೆ ಬದಲಿಸಿ. ಒಟ್ಟು 20–30 ನಿಮಿಷ ಹಿಡಿಯುತ್ತದೆ. ನೋವಾಗುತ್ತಿದ್ದರೆ ಹಿಡಿತ ತಪ್ಪಿದೆ ಅಂತಲೇ ಅರ್ಥ.

ದಿನಕ್ಕೆ ಎಂಟು ಸಲವಾದರೂ ಹಿಂಡಬೇಕು, ಅದರಲ್ಲಿ ಒಂದು ಸಲ ನಡುರಾತ್ರಿ. ಹಾಲು ಉತ್ಪತ್ತಿ ಮಾಡಿಸುವ ಹಾರ್ಮೋನು ಜಾಸ್ತಿ ಇರುವುದು ರಾತ್ರಿಯೇ. ಕೂಸನ್ನು ಎದೆಗವಚಿಕೊಂಡು ಕೂರಲು ಆಸ್ಪತ್ರೆಯವರು ಬಿಟ್ಟರೆ, ಎದ್ದ ಕೂಡಲೇ ಹಿಂಡಿ ನೋಡಿ, ಚೆನ್ನಾಗಿ ಬರುತ್ತದೆ. ಬಾಣಂತಿಗೆ ನೀರು ಕಡಿಮೆ ಕೊಡುವ ಪದ್ಧತಿ ಬೇಡವೇ ಬೇಡ. ಬಾಯಾರಿದಾಗೆಲ್ಲ ಕುಡಿಯಲಿ.

ಮೆಡಿಕಲ್ ಶಾಪಿನಲ್ಲಿ ರಬ್ಬರ್ ಬುರುಡೆಯ ಅಗ್ಗದ ಪಂಪ್ ಸಿಗುತ್ತದೆ. ಕೊಳ್ಳಬೇಡಿ. ಹಾಲು ಬುರುಡೆಯೊಳಗೆ ಸೇರುತ್ತದೆ, ಅದನ್ನು ಸರಿಯಾಗಿ ತೊಳೆಯಲು ಆಗುವುದೇ ಇಲ್ಲ. ಒಳ್ಳೆಯ ಎಲೆಕ್ಟ್ರಿಕ್ ಪಂಪ್ ಆಸ್ಪತ್ರೆಯಲ್ಲಿದ್ದರೆ ಬಳಸಿ. ಇಲ್ಲದಿದ್ದರೆ ಕೈಯೇ ಮೇಲು.

ಇಡುವುದು, ಒಯ್ಯುವುದು

ಮುಚ್ಚಳ ಬಿಗಿಯಾಗುವ, ಕುದಿಸಿದ ಸ್ಟೀಲ್ ಅಥವಾ ಗಾಜಿನ ಪಾತ್ರೆ ಇರಲಿ. ಪ್ರತಿ ಸಲದ್ದೂ ಬೇರೆ ಪಾತ್ರೆ. ತಾಯಿ ಹೆಸರು, ದಿನಾಂಕ, ಗಂಟೆ ಬರೆದು ಅಂಟಿಸಿ. ಹೊರಗೆ ನಾಲ್ಕು ಗಂಟೆಗಿಂತ ಜಾಸ್ತಿ ಇಡಬೇಡಿ. ಅರಸೀಕೆರೆಯ ಬೇಸಿಗೆಯಲ್ಲಿ ಅಷ್ಟೂ ಬೇಡ. ಫ್ರಿಜ್ಜಿನಲ್ಲಾದರೆ ಬಾಗಿಲಲ್ಲಿಡದೆ ಹಿಂದಿನ ಮೂಲೆಯಲ್ಲಿಟ್ಟು, ಮರುದಿನವೇ ತಲುಪಿಸಿ. ಬಸ್ಸಿಗೆ ಹತ್ತುವಾಗ ಥರ್ಮೋಕೋಲ್ ಡಬ್ಬಿಯಲ್ಲಿ ಐಸ್ ಪ್ಯಾಕ್ ಜೊತೆ ಇಡಿ. ಹಾಲನ್ನು ಯಾವತ್ತೂ ಕುದಿಸಬೇಡಿ. ಸೋಂಕು ತಡೆಯುವ ಅಂಶಗಳು ಕುದಿಯುವಾಗ ಹಾಳಾಗುತ್ತವೆ. ಮೇಲೆ ಕೆನೆ ಕಟ್ಟಿದ್ದರೆ ಕೆಟ್ಟಿದೆ ಅಂತ ಗಾಬರಿ ಬೇಡ, ಮೆಲ್ಲಗೆ ಅಲುಗಿಸಿದರೆ ಬೆರೆಯುತ್ತದೆ.

ಎನ್‌ಐಸಿಯು ಬಾಗಿಲಲ್ಲಿ ಪಾತ್ರೆಯನ್ನು ಸಿಸ್ಟರ್‌ಗೆ ಕೊಟ್ಟು, ಹಿಂಡಿದ ಗಂಟೆ ಹೇಳಿ. ಟ್ಯೂಬಿನಲ್ಲೋ ಒಳಲೆಯಲ್ಲೋ ಕೊಡುವುದು ಅವರಿಗೆ ಬಿಟ್ಟಿದ್ದು. ಜೇನುತುಪ್ಪ, ಸಕ್ಕರೆ ನೀರು, ತೇಯ್ದ ಬಜೆ ಕದ್ದು ನೆಕ್ಕಿಸಬೇಡಿ. ಯಾರಾದರೂ ಕೈಗೆ ಡಬ್ಬಿ ಹಾಲಿನ ಸ್ಯಾಂಪಲ್ ಕೊಟ್ಟರೆ ವಾಪಸ್ ಕೊಡಿ. 1992ರ ಕಾನೂನಿನ ಪ್ರಕಾರ ಹಾಗೆ ಸ್ಯಾಂಪಲ್ ಹಂಚುವುದು ತಪ್ಪು.

ಹೊಟ್ಟೆ ಉಬ್ಬಿದರೆ, ಹಸಿರು ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ ಡಾಕ್ಟರು ಹಾಲು ನಿಲ್ಲಿಸಿ ಎಕ್ಸ್‌ರೇ ತೆಗೆಸುತ್ತಾರೆ. ಆಗ ತಾಯಂದಿರು ಮನೆಯಲ್ಲಿ ಹಿಂಡುವುದನ್ನೂ ನಿಲ್ಲಿಸಿಬಿಡುತ್ತಾರೆ. ನಿಲ್ಲಿಸಿದರೆ ಹಾಲು ಬತ್ತುತ್ತದೆ. ಕೂಸು ಮತ್ತೆ ಕುಡಿಯುವ ಹೊತ್ತಿಗೆ ಡಬ್ಬಿಯೇ ಗತಿಯಾಗುತ್ತದೆ. ಆ ದಿನಗಳಲ್ಲೂ ಎಂಟು ಸಲ ಹಿಂಡಿ. ಆಸ್ಪತ್ರೆಯಲ್ಲಿ ಡೀಪ್ ಫ್ರೀಜರ್ ಇದೆಯಾ ಅಂತ ಕೇಳಿ, ಇದ್ದರೆ ಅಲ್ಲಿಡಿಸಿ. ಹಾಗಿಟ್ಟ ಹಾಲನ್ನು ಮೂರು ತಿಂಗಳವರೆಗೆ ಬಳಸಬಹುದು. ಒಮ್ಮೆ ಕರಗಿಸಿದ್ದನ್ನು 24 ಗಂಟೆಯೊಳಗೆ ಮುಗಿಸಬೇಕು, ಮತ್ತೆ ಗಟ್ಟಿ ಮಾಡುವಂತಿಲ್ಲ.